ಅರುಂಧತಿ–ವಸಿಷ್ಠ ಒಂದನ್ನೊಂದು ಸುತ್ತುತ್ತವೆಯೇ? ಕಣ್ಣಿಗೆ ಕಾಣದ ಸಂಗಾತಿ ನಕ್ಷತ್ರವನ್ನು ಬೆಳಕು ಹಿಡಿದುಕೊಡುವ ಬಗೆ

ಮದುವೆಯ ಸೀಸನ್ ಬಂತೆಂದರೆ ಒಂದು ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಪ್ಪದೆ ಓಡಾಡುತ್ತದೆ. ನವದಂಪತಿಗೆ ಅರುಂಧತಿ ನಕ್ಷತ್ರ ತೋರಿಸುವುದು ಏಕೆ ಎಂಬ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಉಳಿದ ಜೋಡಿ ನಕ್ಷತ್ರಗಳಲ್ಲಿ ಒಂದು ನಿಂತಲ್ಲೇ ನಿಂತಿರುತ್ತದೆ, ಇನ್ನೊಂದು ಅದನ್ನು ಸುತ್ತುತ್ತದೆ. ಅರುಂಧತಿ ಮತ್ತು ವಸಿಷ್ಠ ಮಾತ್ರ ಒಂದನ್ನೊಂದು ಸಮನಾಗಿ ಸುತ್ತುತ್ತವೆ. ಗಂಡ ಹೆಂಡತಿ ಹಾಗೆಯೇ ಇರಬೇಕೆಂದು ನಮ್ಮ ಹಿರಿಯರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಕಂಡುಕೊಂಡಿದ್ದರು ಎಂಬುದು ಅದರ ಸಾರ. ಕೊನೆಗೆ, ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳಿಸಿ ಎಂಬ ಒತ್ತಾಯ.

ಇದು ನಿಜವೇ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಚಿಕ್ಕ ಉತ್ತರ ಹೀಗಿದೆ: ಹಿರಿಯರು ಈ ಜೋಡಿಯನ್ನು ಬರಿಗಣ್ಣಿನಲ್ಲೇ ಗುರುತಿಸಿ ಹೆಸರಿಟ್ಟಿದ್ದು ನಿಜ. ಉಳಿದ ಜೋಡಿಗಳಲ್ಲಿ ಒಂದು ನಕ್ಷತ್ರ ಸುಮ್ಮನೆ ನಿಂತಿರುತ್ತದೆ ಎಂಬುದು ತಪ್ಪು. ಅರುಂಧತಿ–ವಸಿಷ್ಠ ಸುತ್ತುವುದನ್ನು ಯಾರಾದರೂ ಕಣ್ಣಾರೆ ಕಂಡಿದ್ದರು ಎಂಬುದು ಸಾಧ್ಯವೇ ಇಲ್ಲದ ಮಾತು.

ಆದರೆ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ನಕ್ಷತ್ರದ ಬೆಳಕನ್ನು ಬಿಡಿಸಿ ಓದುವ ವಿದ್ಯೆಯಿಂದ ಮೊಟ್ಟಮೊದಲು ಪತ್ತೆಯಾದ ಜೋಡಿ ನಕ್ಷತ್ರ ಇದೇ ವಸಿಷ್ಠ. ಆ ಕಥೆ ಫಾರ್ವರ್ಡ್ ಸಂದೇಶಕ್ಕಿಂತ ಸ್ವಾರಸ್ಯವಾಗಿದೆ.

ಮೊದಲು, ಆಕಾಶದಲ್ಲಿ ಎಲ್ಲಿ ನೋಡಬೇಕು?

ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳಲ್ಲಿ ನಾಲ್ಕು ಸೇರಿ ಒಂದು ಚೌಕ, ಮೂರು ಸೇರಿ ಒಂದು ಬಾಲ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಕಾಣುವ ಮಂಕು ಚುಕ್ಕೆಯೇ ಅರುಂಧತಿ. ಪಾಶ್ಚಾತ್ಯ ಪಟ್ಟಿಗಳಲ್ಲಿ ಇವುಗಳಿಗೆ ಮಿಜಾರ್ ಮತ್ತು ಆಲ್ಕರ್ ಎಂದು ಹೆಸರು. ಆ ಹೆಸರುಗಳು ಅರಬ್ಬೀ ಭಾಷೆಯಿಂದ ಬಂದವು.

ಕರ್ನಾಟಕದಿಂದ ನೋಡಲು ಮೇ, ಜೂನ್ ತಿಂಗಳ ಸಂಜೆ ಒಳ್ಳೆಯ ಸಮಯ. ಮೋಡವಿಲ್ಲದಿದ್ದರೆ ಊಟದ ಹೊತ್ತಿಗೆ ಉತ್ತರ ದಿಕ್ಕಿನಲ್ಲಿ ಎತ್ತರದಲ್ಲೇ ಸಿಗುತ್ತವೆ. ನವೆಂಬರ್ ಸಂಜೆ ಹುಡುಕಿದರೆ ಸಿಗುವುದಿಲ್ಲ, ಆಗ ದಿಗಂತದ ಕೆಳಗಿರುತ್ತವೆ. ಹಗಲು ಮುಹೂರ್ತದ ಮದುವೆಯಲ್ಲಂತೂ ಪುರೋಹಿತರು ಬೆರಳು ತೋರಿಸುತ್ತಾರೆ, ಮದುಮಕ್ಕಳು ಕಂಡಿತೆಂದು ತಲೆಯಾಡಿಸುತ್ತಾರೆ!

ಇವೆರಡರ ನಡುವೆ ಕಾಣುವ ಅಂತರ ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ತುಸು ಕಡಿಮೆ. ಸಾಮಾನ್ಯ ದೃಷ್ಟಿಯವರಿಗೆ ಕತ್ತಲ ಆಕಾಶದಲ್ಲಿ ಬೇರೆಬೇರೆಯಾಗಿ ಕಾಣಿಸಲು ಅಷ್ಟು ಧಾರಾಳವಾಗಿ ಸಾಕು.

ಸುತ್ತುವುದನ್ನು ಕಣ್ಣಿನಿಂದ ನೋಡಲು ಏಕೆ ಆಗದು?

ಎರಡೂ ನಕ್ಷತ್ರಗಳು ನಮ್ಮಿಂದ 80 ಜ್ಯೋತಿರ್ವರ್ಷಗಳಿಗೂ ತುಸು ಹೆಚ್ಚು ದೂರದಲ್ಲಿವೆ. ಅಷ್ಟು ದೂರದಿಂದ ಒಂದಕ್ಕೊಂದು ಅಂಟಿಕೊಂಡಂತೆ ಕಂಡರೂ ಅವುಗಳ ನಡುವಿನ ಅಂತರ ಕನಿಷ್ಠವೆಂದರೂ ಕಾಲು ಜ್ಯೋತಿರ್ವರ್ಷ. ಎಂದರೆ ಭೂಮಿಯಿಂದ ಸೂರ್ಯನಿಗಿರುವ ದೂರದ ಸುಮಾರು 18,000 ಪಟ್ಟು.

ಈ ಎರಡರ ನಡುವೆ ಗುರುತ್ವದ ನಂಟು ಇರಬಹುದು ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಇವು ಆಕಾಶದಲ್ಲಿ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತಿವೆ. ಸುತ್ತುತ್ತಿದ್ದರೂ ಒಂದು ಸುತ್ತಿಗೆ ಲಕ್ಷಗಟ್ಟಲೆ ವರ್ಷ ಬೇಕು. ಒಬ್ಬರ ಆಯುಷ್ಯದಲ್ಲಿ ಇರಲಿ, ನೂರು ತಲೆಮಾರು ನೋಡುತ್ತಾ ಕುಳಿತರೂ ಬರಿಗಣ್ಣಿಗೆ ಯಾವ ಬದಲಾವಣೆಯೂ ತಿಳಿಯದು.

ಒಂದು ನಿಂತು, ಇನ್ನೊಂದು ಸುತ್ತುತ್ತದೆಯೇ?

ಸಂದೇಶದ ದೊಡ್ಡ ತಪ್ಪು ಇಲ್ಲಿದೆ. ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದ್ದು ನೆನಪು ಮಾಡಿಕೊಳ್ಳಿ. ಮಗು ದೊಡ್ಡ ವೃತ್ತದಲ್ಲಿ ಜೋರಾಗಿ ಸುತ್ತುತ್ತದೆ. ನೀವು ನಿಂತಲ್ಲೇ ಇದ್ದೀರಿ ಅನ್ನಿಸಿದರೂ ನಿಮ್ಮ ಮೈ ಹಿಂದಕ್ಕೆ ವಾಲಿರುತ್ತದೆ, ಕಾಲುಗಳು ಸಣ್ಣ ವೃತ್ತದಲ್ಲಿ ಸರಿದಾಡುತ್ತಿರುತ್ತವೆ. ನಿಮ್ಮಿಬ್ಬರ ನಡುವಿನ ಒಂದು ಬಿಂದುವನ್ನು ಇಬ್ಬರೂ ಸುತ್ತುತ್ತಿರುತ್ತೀರಿ. ತೂಕ ಹೆಚ್ಚಿರುವವರ ವೃತ್ತ ಚಿಕ್ಕದು, ತೂಕ ಕಡಿಮೆಯಿರುವವರ ವೃತ್ತ ದೊಡ್ಡದು, ವ್ಯತ್ಯಾಸ ಅಷ್ಟೇ.

ಆಕಾಶದ ಎಲ್ಲ ಜೋಡಿ ನಕ್ಷತ್ರಗಳೂ ಹೀಗೆಯೇ. ಎರಡೂ ಸಾಮಾನ್ಯ ಕೇಂದ್ರವೊಂದನ್ನು ಸುತ್ತುತ್ತವೆ. ಸಂಗಾತಿ ಎಷ್ಟೇ ಚಿಕ್ಕದಿದ್ದರೂ ದೊಡ್ಡ ನಕ್ಷತ್ರವನ್ನು ಸ್ವಲ್ಪವಾದರೂ ಅಲುಗಾಡಿಸದೆ ಬಿಡುವುದಿಲ್ಲ. ನಮ್ಮ ಸೂರ್ಯನೂ ಗುರುಗ್ರಹದ ಸೆಳೆತಕ್ಕೆ ಹೀಗೆ ತುಸು ಅಲುಗಾಡುತ್ತಾನೆ.

ಈ ಅಲುಗಾಟವೇ ಖಗೋಳ ವಿಜ್ಞಾನಿಗಳಿಗೆ ಸಿಕ್ಕ ಸುಳಿವು. ಸಂಗಾತಿ ಕಾಣದಿದ್ದರೇನಂತೆ, ಕಾಣುವ ನಕ್ಷತ್ರ ಅಲುಗಾಡುತ್ತಿದ್ದರೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂದೇ ಅರ್ಥ. ಹಾಗಾದರೆ ಅಷ್ಟು ದೂರದ ಅಲುಗಾಟವನ್ನು ಅಳೆಯುವುದು ಹೇಗೆ?

ಬೆಳಕನ್ನು ಬಿಡಿಸಿ ಓದುವುದು

ಮನೆಯಲ್ಲಿ ಹಳೆಯ ಸಿಡಿ ಇದ್ದರೆ ಅದನ್ನು ಬಲ್ಬಿನ ಕೆಳಗೆ ಓರೆಯಾಗಿ ಹಿಡಿಯಿರಿ. ಕಾಮನಬಿಲ್ಲಿನ ಬಣ್ಣಗಳು ಕಾಣುತ್ತವೆ. ಹೀಗೆ ಬಣ್ಣಬಣ್ಣವಾಗಿ ಬಿಡಿಸಿಟ್ಟ ಬೆಳಕಿಗೆ ರೋಹಿತ ಎನ್ನುತ್ತಾರೆ. (ಸಿಡಿಯಲ್ಲಿ ಸೂರ್ಯನ ಪ್ರತಿಬಿಂಬವನ್ನು ಮಾತ್ರ ನೋಡಬೇಡಿ, ಕಣ್ಣಿಗೆ ಅಪಾಯ.) ದೂರದರ್ಶಕಕ್ಕೆ ಜೋಡಿಸುವ ರೋಹಿತದರ್ಶಕ ಇದೇ ಕೆಲಸವನ್ನು ಬಹಳ ಸೂಕ್ಷ್ಮವಾಗಿ ಮಾಡುತ್ತದೆ.

ನಕ್ಷತ್ರದ ರೋಹಿತದಲ್ಲಿ ಬಣ್ಣಗಳ ನಡುವೆ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರದ ಹೊರಪದರದ ಅನಿಲಗಳು ತಮಗೆ ಬೇಕಾದ ಬಣ್ಣವನ್ನಷ್ಟೇ ಹೀರಿಕೊಂಡ ಗುರುತುಗಳು ಅವು. ಒಂದೊಂದು ಮೂಲವಸ್ತುವಿಗೂ ಅದರದೇ ಗೆರೆಗಳು, ಬೆರಳಚ್ಚಿನ ಹಾಗೆ. ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಬಿದ್ದಾಗ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ನೋಡಿರುತ್ತೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಅದರ ತರಂಗಾಂತರ ಸುಮಾರು 589 ನ್ಯಾನೋಮೀಟರ್. ನಿಮ್ಮ ಅಡುಗೆಮನೆಯಲ್ಲೂ ಅಷ್ಟೇ, ನಕ್ಷತ್ರದಲ್ಲೂ ಅಷ್ಟೇ. ಈ ಸೋಡಿಯಂ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಗೆರೆ ಸರಿದರೆ ನಕ್ಷತ್ರ ಓಡುತ್ತಿದೆ

ರಸ್ತೆ ಬದಿಯಲ್ಲಿ ನಿಂತಾಗ ಹಾರ್ನ್ ಹೊಡೆಯುತ್ತಾ ಬರುವ ಬಸ್ಸಿನ ಸದ್ದು ಹತ್ತಿರವಾಗುವಾಗ ಕೀರಲಾಗಿ, ದಾಟಿ ಹೋದ ಕೂಡಲೇ ದಪ್ಪವಾಗಿ ಕೇಳುತ್ತದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ಈ ಪರಿಣಾಮ ಬೆಳಕಿಗೂ ಅನ್ವಯಿಸುತ್ತದೆ. ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಅದರ ಗೆರೆಗಳು ನೀಲಿಯ ಕಡೆಗೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ಸರಿಯುತ್ತವೆ.

ಎಷ್ಟು ಸರಿಯುತ್ತವೆ? ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನಕ್ಷತ್ರ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಗೆರೆ ಸರಿಯುವುದು ಹತ್ತು ಸಾವಿರದಲ್ಲಿ ಒಂದು ಪಾಲು. 589 ನ್ಯಾನೋಮೀಟರ್‌ನಲ್ಲಿರಬೇಕಾದ ಸೋಡಿಯಂ ಗೆರೆ ಸರಿಯುವುದು 0.06 ನ್ಯಾನೋಮೀಟರ್‌ನಷ್ಟು. ಬಹಳ ಕಡಿಮೆ, ಆದರೆ ಒಳ್ಳೆಯ ರೋಹಿತದರ್ಶಕಕ್ಕೆ ಇದು ಸುಲಭದ ತುತ್ತು.

ನಕ್ಷತ್ರ ಇನ್ನೊಂದರ ಜೊತೆ ಸುತ್ತುತ್ತಿದ್ದರೆ ಅರ್ಧ ಸುತ್ತಿನಲ್ಲಿ ನಮ್ಮತ್ತ ಬರುತ್ತದೆ, ಉಳಿದರ್ಧದಲ್ಲಿ ದೂರ ಹೋಗುತ್ತದೆ. ಹಾಗಾಗಿ ಅದರ ಗೆರೆಗಳು ಜೋಕಾಲಿಯಂತೆ ನೀಲಿ ಕಡೆಗೊಮ್ಮೆ, ಕೆಂಪು ಕಡೆಗೊಮ್ಮೆ ಹೋಗಿ ಬರುತ್ತಿರುತ್ತವೆ.

1889: ವಸಿಷ್ಠ ಒಂಟಿಯಲ್ಲ

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆಗ ಸಾವಿರಾರು ನಕ್ಷತ್ರಗಳ ರೋಹಿತಗಳನ್ನು ಗಾಜಿನ ಫಲಕಗಳ ಮೇಲೆ ಫೋಟೊ ತೆಗೆಯುವ ಕೆಲಸ ನಡೆದಿತ್ತು. ಅಲ್ಲಿನ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ 1887ರಲ್ಲಿ ತೆಗೆದ ಒಂದು ಫಲಕದಲ್ಲಿ ವಸಿಷ್ಠದ ಕ್ಯಾಲ್ಸಿಯಂ ಗೆರೆ ಒಂದಿರಬೇಕಾದ ಕಡೆ ಎರಡಾಗಿತ್ತು. ಬೇರೆ ದಿನದ ಫಲಕಗಳಲ್ಲಿ ಮತ್ತೆ ಒಂದೇ ಗೆರೆ. ಕೆಲವು ದಿನ ಬಿಟ್ಟು ಪುನಃ ಎರಡು.

ಅರ್ಥ ಸ್ಪಷ್ಟವಿತ್ತು. ದೂರದರ್ಶಕದಲ್ಲಿ ಒಂದೇ ಚುಕ್ಕೆಯಾಗಿ ಕಾಣುವ ಆ ನಕ್ಷತ್ರದಲ್ಲಿ ಎರಡು ನಕ್ಷತ್ರಗಳಿವೆ. ಒಂದು ನಮ್ಮತ್ತ ಬರುವಾಗ ಇನ್ನೊಂದು ದೂರ ಹೋಗುತ್ತದೆ, ಆಗ ಗೆರೆಗಳು ಬೇರೆಯಾಗುತ್ತವೆ. ಎರಡೂ ನಮ್ಮ ನೋಟಕ್ಕೆ ಅಡ್ಡಲಾಗಿ ಚಲಿಸುವಾಗ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಪಿಕರಿಂಗ್ ಇದನ್ನು 1889ರ ನವೆಂಬರಿನಲ್ಲಿ ಪ್ರಕಟಿಸಿದರು. ಈ ಫಲಕಗಳ ಮೇಲೆ ದುಡಿದ ಆಂಟೋನಿಯಾ ಮೌರಿ ಎಂಬ ವಿಜ್ಞಾನಿ ಅದೇ ವರ್ಷ ಇಂಥದೇ ಎರಡನೆಯ ಜೋಡಿಯನ್ನು ಪತ್ತೆಹಚ್ಚಿದರು. ಅದರ ಸುತ್ತಿನ ಅವಧಿ ನಾಲ್ಕೇ ದಿನ.

ಪಿಕರಿಂಗ್ ವಸಿಷ್ಠದ ಜೋಡಿಗೆ ಮೊದಲು ಕೊಟ್ಟ ಅವಧಿ 104 ದಿನ. ಅದು ತಪ್ಪಾಗಿತ್ತು. ಹೆಚ್ಚು ಅಳತೆಗಳು ಕೈಗೆ ಬಂದ ಮೇಲೆ ಜರ್ಮನಿಯ ಹರ್ಮನ್ ಫೋಗೆಲ್ 1901ರಲ್ಲಿ ಅದನ್ನು ಸುಮಾರು ಇಪ್ಪತ್ತೂವರೆ ದಿನ ಎಂದು ತಿದ್ದಿದರು. ಇಂದಿಗೂ ನಾವು ಒಪ್ಪಿರುವುದು ಅದನ್ನೇ. ಹೀಗೆ ತಿದ್ದಿಕೊಳ್ಳುವ ದಾರಿ ತೆರೆದಿರುವುದೇ ವಿಜ್ಞಾನದ ಬಲ. ಫಾರ್ವರ್ಡ್ ಸಂದೇಶಗಳಿಗೆ ಆ ಅಭ್ಯಾಸವಿಲ್ಲ.

ಒಂದೇ ಗೆರೆ ಅಲುಗಾಡಿದರೆ?

ವಸಿಷ್ಠದ ಈ ಜೋಡಿಯಲ್ಲಿ ಎರಡೂ ನಕ್ಷತ್ರಗಳು ಹೆಚ್ಚುಕಡಿಮೆ ಸಮಾನ ಪ್ರಕಾಶದವು. ಹಾಗಾಗಿ ಎರಡರ ಗೆರೆಗಳೂ ಕಂಡವು. ಸಂಗಾತಿ ಬಹಳ ಮಂಕಾಗಿದ್ದರೆ ಕಥೆ ಬೇರೆ. ಆಗ ಪ್ರಕಾಶಮಾನ ನಕ್ಷತ್ರದ ಗೆರೆಗಳು ಮಾತ್ರ ಹೋಗಿ ಬರುತ್ತಿರುತ್ತವೆ. ಸಂಗಾತಿಯ ಬೆಳಕು ಅದರ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ, ಹೆಡ್‌ಲೈಟ್ ಪಕ್ಕದ ಮಿಂಚುಹುಳದಂತೆ.

ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ ಪರ್ಸಿಯಸ್ ಪುಂಜದ ಆಲ್ಗಾಲ್ ನಕ್ಷತ್ರ. ಹೆಸರು ಅರಬ್ಬೀ ಮೂಲದ್ದು, ಪಿಶಾಚಿಯ ತಲೆ ಎಂಬರ್ಥದ್ದು. ಇದನ್ನು ಕೆಟ್ಟ ನಕ್ಷತ್ರವೆಂದು ಹೆದರಿಸುವ ಸಂದೇಶಗಳೂ ಇವೆ. ಹೆದರಬೇಕಿಲ್ಲ, ಅದರ ವಿಚಿತ್ರ ವರ್ತನೆಗೆ ಕಾರಣ ಸರಳ. ಪ್ರತಿ 2 ದಿನ 21 ಗಂಟೆಗೊಮ್ಮೆ ಅದು ಮಂಕಾಗುತ್ತದೆ. ಪ್ರಕಾಶ ಮೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿದು, ಸುಮಾರು ಹತ್ತು ಗಂಟೆಯೊಳಗೆ ಮತ್ತೆ ಮೊದಲಿನಂತಾಗುತ್ತದೆ.

ಇಂಗ್ಲೆಂಡಿನ ಜಾನ್ ಗುಡ್ರಿಕ್ 1783ರಲ್ಲಿ ಇದರ ಲೆಕ್ಕ ಹಾಕಿದಾಗ ಅವರಿಗೆ 18 ವರ್ಷ. ಕಿವಿ ಕೇಳದ ಆ ಯುವಕ, ಕಾಣದ ಮಂಕು ಕಾಯವೊಂದು ನಕ್ಷತ್ರದ ಮುಂದೆ ಹಾದುಹೋಗಿ ಗ್ರಹಣ ಉಂಟುಮಾಡುತ್ತಿರಬಹುದು ಎಂದು ಊಹಿಸಿದರು. ಆಗ ಅದನ್ನು ಸಾಬೀತು ಮಾಡುವ ಉಪಕರಣ ಇರಲಿಲ್ಲ.

ನೂರು ವರ್ಷ ಕಳೆದ ಮೇಲೆ, 1889ರಲ್ಲಿ, ಪಾಟ್ಸ್‌ಡಾಮ್‌ನಲ್ಲಿ ಫೋಗೆಲ್ ಆಲ್ಗಾಲ್‌ನ ರೋಹಿತ ಅಳೆದರು. ಮಂಕಾಗುವ ಮೊದಲು ನಕ್ಷತ್ರ ನಮ್ಮಿಂದ ದೂರ ಹೋಗುತ್ತಿತ್ತು, ಮಂಕು ಕಳೆದ ಮೇಲೆ ನಮ್ಮತ್ತ ಬರುತ್ತಿತ್ತು. ಮುಂದೆ ಯಾರೋ ಅಡ್ಡ ಹಾಯುತ್ತಿದ್ದರೆ ನಡೆಯಬೇಕಾದದ್ದು ಇದೇ. ಗುಡ್ರಿಕ್ ಊಹೆ ಸರಿಯಾಗಿತ್ತು.

ಈ ಎರಡು ನಕ್ಷತ್ರಗಳು ಎಷ್ಟು ಹತ್ತಿರವೆಂದರೆ ಅವುಗಳ ಅಂತರ, ಸೂರ್ಯನಿಂದ ಬುಧಗ್ರಹಕ್ಕಿರುವ ದೂರದ ಆರರಲ್ಲೊಂದು ಪಾಲು. ಅವು ನಮ್ಮಿಂದ ಸುಮಾರು 90 ಜ್ಯೋತಿರ್ವರ್ಷ ದೂರದಲ್ಲಿವೆ. ಅವನ್ನು ಬೇರೆಬೇರೆಯಾಗಿ ನೋಡುವುದೆಂದರೆ ಶ್ರೀನಗರದಲ್ಲಿಟ್ಟ ರೂಪಾಯಿ ನಾಣ್ಯದ ಎರಡು ಅಂಚುಗಳನ್ನು ಬೆಂಗಳೂರಿನಲ್ಲಿ ನಿಂತು ಬೇರೆಬೇರೆಯಾಗಿ ಗುರುತಿಸಿದ ಹಾಗೆ. ಸಾಮಾನ್ಯ ದೂರದರ್ಶಕದಿಂದ ಆಗದ ಕೆಲಸ. ರೋಹಿತವೊಂದೇ ದಾರಿಯಾಗಿತ್ತು.

ಸಂಗಾತಿಯ ಗೆರೆ ಏಕೆ ಬೇಕು?

ಸಂಗಾತಿ ಇದೆಯೆಂದು ಗೊತ್ತಾಯಿತಲ್ಲ, ಅಷ್ಟು ಸಾಲದೇ ಎಂದು ನೀವು ಕೇಳಬಹುದು. ಸಾಲದು. ನಕ್ಷತ್ರವನ್ನು ತಕ್ಕಡಿಯಲ್ಲಿ ಇಟ್ಟು ತೂಗಲಾಗದು. ತೂಗಬೇಕಾದರೆ ಜೋಡಿಯೇ ಬೇಕು, ಜೋಡಿಯಲ್ಲಿ ಎರಡರ ವೇಗವೂ ಗೊತ್ತಾಗಬೇಕು.

ಮಗುವನ್ನು ತಿರುಗಿಸಿದ ಉದಾಹರಣೆಗೆ ಮರಳೋಣ. ನಿಮ್ಮ ವೃತ್ತ ಮಾತ್ರ ಕಂಡರೆ ಮಗುವಿನ ತೂಕ ಖಚಿತವಾಗಿ ಹೇಳಲಾಗದು. ಇಬ್ಬರ ವೇಗವೂ ಗೊತ್ತಾದರೆ ತೂಕಗಳ ಅನುಪಾತ ನೇರವಾಗಿ ಸಿಗುತ್ತದೆ: ಮಗು ನಿಮಗಿಂತ ನಾಲ್ಕು ಪಟ್ಟು ವೇಗವಾಗಿ ಸುತ್ತುತ್ತಿದ್ದರೆ ನಿಮ್ಮ ತೂಕ ಮಗುವಿನ ನಾಲ್ಕು ಪಟ್ಟು. ಇದರ ಜೊತೆ ಗ್ರಹಣವೂ ಆಗುವ ಜೋಡಿಯಾದರೆ ಕಕ್ಷೆಯ ಓರೆ ಕೂಡ ತಿಳಿಯುತ್ತದೆ, ಆಗ ಎರಡರ ದ್ರವ್ಯರಾಶಿಯನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಬಹುದು. ನಕ್ಷತ್ರ ಎಷ್ಟು ಕಾಲ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದೆಲ್ಲ ಮುಖ್ಯವಾಗಿ ದ್ರವ್ಯರಾಶಿಯ ಮೇಲೆಯೇ ನಿಂತಿದೆ.

ಹಾಗಾಗಿ ಆಲ್ಗಾಲ್‌ನ ಮಂಕು ಸಂಗಾತಿಯ ಗೆರೆ ಕಾಣಲೇಬೇಕಿತ್ತು. ಫೋಗೆಲ್ ಕಾಲದಿಂದ ಸುಮಾರು 90 ವರ್ಷ ಅದು ಸಿಕ್ಕಿರಲಿಲ್ಲ.

1978: ಸೋಡಿಯಂ ಕೊಟ್ಟ ಸುಳಿವು

1978ರಲ್ಲಿ ಅಮೆರಿಕದ ಟೆಕ್ಸಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಜೋಸೆಲಿನ್ ಟಾಮ್ಕಿನ್ ಮತ್ತು ಡೇವಿಡ್ ಲ್ಯಾಂಬರ್ಟ್ ಅದನ್ನು ಹಿಡಿದರು. ಅವರ ಉಪಾಯ ಸರಳ ಮತ್ತು ಜಾಣತನದ್ದು.

ಆಲ್ಗಾಲ್‌ನ ಪ್ರಕಾಶಮಾನ ನಕ್ಷತ್ರ ಬಹಳ ಬಿಸಿ, ಹತ್ತು ಸಾವಿರ ಡಿಗ್ರಿಗೂ ಹೆಚ್ಚು. ಅಷ್ಟು ಬಿಸಿಯಲ್ಲಿ ಸೋಡಿಯಂ ಪರಮಾಣು ತನ್ನ ಹೊರಗಿನ ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ, ಆ ಹಳದಿ ಬಣ್ಣದ ಗೆರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಸಂಗಾತಿ ಅದಕ್ಕಿಂತ ಬಹಳ ತಂಪು, ಸೂರ್ಯನಿಗಿಂತಲೂ ತಂಪು. ಅಲ್ಲಿ ಸೋಡಿಯಂ ಗೆರೆ ದಟ್ಟವಾಗಿರುತ್ತದೆ. ಹಾಗಾಗಿ ಅವರು ಇಡೀ ರೋಹಿತದಲ್ಲಿ ಹುಡುಕುವ ಬದಲು ಪ್ರಕಾಶಮಾನ ನಕ್ಷತ್ರ ಸುಮ್ಮನಿರುವ, ಮಂಕು ಸಂಗಾತಿ ಮಾತಾಡುವ ಜಾಗದಲ್ಲೇ ಕಿವಿಗೊಟ್ಟರು. ಬೆಳಕಿನ ಸಣ್ಣ ವ್ಯತ್ಯಾಸವನ್ನೂ ಅಳೆಯಬಲ್ಲ ಹೊಸ ಎಲೆಕ್ಟ್ರಾನಿಕ್ ಗ್ರಾಹಕ ಅವರ ನೆರವಿಗಿತ್ತು.

ಕ್ಷೀಣವಾದ ಸೋಡಿಯಂ ಗೆರೆಗಳು ಕಂಡವು. ಪ್ರಕಾಶಮಾನ ನಕ್ಷತ್ರದ ಗೆರೆಗಳು ಒಂದು ಕಡೆ ಸರಿದಾಗ ಇವು ಎದುರು ಕಡೆಗೆ ಸರಿಯುತ್ತಿದ್ದವು. ದೊಡ್ಡ ನಕ್ಷತ್ರದ ವೇಗ ಸೆಕೆಂಡಿಗೆ ಸುಮಾರು 44 ಕಿಲೋಮೀಟರ್, ಸಂಗಾತಿಯದು ಸುಮಾರು 200. ಅಂದರೆ ದೊಡ್ಡದರ ದ್ರವ್ಯರಾಶಿ ಸಂಗಾತಿಯ ನಾಲ್ಕೂವರೆ ಪಟ್ಟು. ಇಂದಿನ ಅಳತೆಗಳ ಪ್ರಕಾರ ದೊಡ್ಡದು ಸೂರ್ಯನ ಮೂರು ಪಟ್ಟಿಗೂ ತುಸು ಹೆಚ್ಚು, ಸಂಗಾತಿ ಸೂರ್ಯನ ಸುಮಾರು 0.7 ಪಾಲು.

ಚಿಕ್ಕವನು ಮೊದಲು ಮುದುಕನಾದದ್ದು ಹೇಗೆ?

ಈ ತೂಕದ ಲೆಕ್ಕ ಒಂದು ಒಗಟನ್ನೂ ಖಚಿತಪಡಿಸಿತು. ದ್ರವ್ಯರಾಶಿ ಹೆಚ್ಚಿರುವ ನಕ್ಷತ್ರ ಇಂಧನವನ್ನು ಬೇಗ ಉರಿಸಿ ಬೇಗ ಮುದಿಯಾಗಬೇಕು. ಆಲ್ಗಾಲ್‌ನಲ್ಲಿ ಎಲ್ಲ ತಿರುಗುಮುರುಗು. ದೊಡ್ಡದು ಇನ್ನೂ ಯೌವನದಲ್ಲಿದೆ, ಹಗುರವಾದ ಸಂಗಾತಿ ಆಗಲೇ ಉಬ್ಬಿ ಮುದಿಯಾಗಿದೆ. ಎರಡೂ ಒಟ್ಟಿಗೆ ಹುಟ್ಟಿದವು. ಹಾಗಾದರೆ ಇದು ಹೇಗೆ?

ಉತ್ತರ, ಇಂದು ಹಗುರವಾಗಿರುವುದು ಒಂದು ಕಾಲಕ್ಕೆ ಭಾರವಾದದ್ದಾಗಿತ್ತು. ಅದು ವಯಸ್ಸಾಗಿ ಉಬ್ಬಿದಾಗ ಹತ್ತಿರದಲ್ಲೇ ಇದ್ದ ಜೊತೆಗಾರ ಅದರ ಹೊರಪದರದ ಅನಿಲವನ್ನು ಎಳೆದುಕೊಂಡಿತು. ಕೊಟ್ಟದ್ದು ಬಡವಾಯಿತು, ಪಡೆದದ್ದು ಸಿರಿವಂತವಾಯಿತು. ಹತ್ತಿರದ ಜೋಡಿಗಳಲ್ಲಿ ಮಾತ್ರ ನಡೆಯುವ ಈ ಕೊಡುಕೊಳ್ಳುವಿಕೆ ಅಲ್ಲಿ ಇಂದಿಗೂ ಸಣ್ಣದಾಗಿ ನಡೆದಿದೆ.

ಸಂಗಾತಿ ಪೂರ್ತಿ ಕತ್ತಲಾಗಿದ್ದರೆ?

ಕೆಲವೊಮ್ಮೆ ಎಷ್ಟು ಹುಡುಕಿದರೂ ಸಂಗಾತಿಯ ಗೆರೆ ಸಿಗುವುದೇ ಇಲ್ಲ. ಅದೂ ಒಂದು ಸುದ್ದಿಯೇ. 1970ರ ದಶಕದ ಆರಂಭದಲ್ಲಿ ಸಿಗ್ನಸ್ ಎಕ್ಸ್-1 ಎಂಬ ಎಕ್ಸ್‌ರೇ ಮೂಲದ ಜಾಗದಲ್ಲಿದ್ದ ನೀಲಿ ನಕ್ಷತ್ರದ ಗೆರೆಗಳು 5.6 ದಿನಕ್ಕೊಮ್ಮೆ ಹೋಗಿ ಬರುತ್ತಿರುವುದು ತಿಳಿಯಿತು. ಅದನ್ನು ಅಲುಗಾಡಿಸುತ್ತಿದ್ದ ಸಂಗಾತಿ ಸೂರ್ಯನಿಗಿಂತ ಹಲವು ಪಟ್ಟು ಭಾರ, ಆದರೆ ನಕ್ಷತ್ರದಂತೆ ಬೆಳಕು ಸೂಸುವುದೇ ಇಲ್ಲ. ಕಪ್ಪುಕುಳಿ ಎಂಬುದಕ್ಕೆ ಸಿಕ್ಕ ಮೊದಲ ಬಲವಾದ ಸಾಕ್ಷ್ಯ ಅದು. 1995ರಲ್ಲಿ ಇದೇ ವಿಧಾನ, ಇನ್ನೂ ಸೂಕ್ಷ್ಮವಾದ ಅಳತೆಯಲ್ಲಿ, ಸೂರ್ಯನಂಥ ನಕ್ಷತ್ರವೊಂದರ ಸುತ್ತ ಗ್ರಹವಿರುವುದನ್ನು ತೋರಿಸಿತು.

ಇಂದು ಹೇಗೆ ಮಾಡುತ್ತಾರೆ?

ಮದುವೆ ಮನೆಯಲ್ಲಿ ವಾಲಗದ ಅಬ್ಬರದ ನಡುವೆ ಯಾರೋ ಮೆಲ್ಲಗೆ ಹಾಡುತ್ತಿದ್ದರೆ ಪದಗಳು ಕೇಳುವುದಿಲ್ಲ. ಆದರೆ ಹಾಡು ನಿಮಗೆ ಮೊದಲೇ ಗೊತ್ತಿದ್ದರೆ ಅಲ್ಲೊಂದು ಇಲ್ಲೊಂದು ತುಣುಕಿನಿಂದ ಗುರುತು ಹಿಡಿಯುತ್ತೀರಿ. ಇಂದಿನ ಕಂಪ್ಯೂಟರ್ ವಿಧಾನವೂ ಹೀಗೆಯೇ. ತಂಪು ನಕ್ಷತ್ರದ ರೋಹಿತ ಹೇಗಿರಬೇಕೆಂಬ ಮಾದರಿಯನ್ನು ಇಟ್ಟುಕೊಂಡು, ಸಾವಿರಾರು ಕ್ಷೀಣ ಗೆರೆಗಳನ್ನು ಒಟ್ಟಿಗೆ ಹೋಲಿಸುತ್ತಾರೆ. ಒಂದೊಂದೇ ಗೆರೆ ಗದ್ದಲದಲ್ಲಿ ಮುಳುಗಿದ್ದರೂ ಎಲ್ಲ ಸೇರಿದಾಗ ಸಂಗಾತಿ ಎದ್ದು ಕಾಣುತ್ತದೆ. ಎರಡು ನಕ್ಷತ್ರಗಳಿಗೂ ಒಂದೊಂದು ಮಾದರಿ ಇಟ್ಟು ಏಕಕಾಲಕ್ಕೆ ಹೋಲಿಸುವ ವಿಧಾನವನ್ನು ಇಸ್ರೇಲಿನ ಶಾಯ್ ಜುಕರ್ ಮತ್ತು ತ್ಸ್ವಿ ಮಾಜೆ 1994ರಲ್ಲಿ ರೂಪಿಸಿದರು.

ಇನ್ನೊಂದು ಉಪಾಯ, ಸಂಗಾತಿಗೆ ಅನುಕೂಲವಾದ ಬೆಳಕಿನಲ್ಲಿ ನೋಡುವುದು. ತಂಪು ಸಂಗಾತಿಯಾದರೆ ಅವಕೆಂಪು ಬೆಳಕಿನಲ್ಲಿ ಅದರ ಪಾಲು ಹೆಚ್ಚುತ್ತದೆ. ಪುಟ್ಟ, ಬಿಸಿ ಸಂಗಾತಿಯಾದರೆ ಅತಿನೇರಳೆ ಬೆಳಕಿನಲ್ಲಿ.

ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ನಡೆಸುತ್ತದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಿಯಂತ್ರಿಸುತ್ತಾರೆ. ಅದಕ್ಕೂ, ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೈಣು ಬಾಪು ದೂರದರ್ಶಕಕ್ಕೂ ಸೂಕ್ಷ್ಮ ರೋಹಿತದರ್ಶಕಗಳಿವೆ.

2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಒಂದು ಅತಿನೇರಳೆ ದೂರದರ್ಶಕವಿದೆ. ಅದರ ನೆರವಿನಿಂದ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು 2016ರಲ್ಲಿ ಎನ್‌ಜಿಸಿ 188 ಎಂಬ ಹಳೆಯ ನಕ್ಷತ್ರಗುಚ್ಛದಲ್ಲಿ, ವಯಸ್ಸಿಗೆ ಮೀರಿ ಎಳೆಯದಾಗಿ ಕಾಣುತ್ತಿದ್ದ ನಕ್ಷತ್ರವೊಂದರ ಪಕ್ಕದಲ್ಲಿ ಬಿಸಿ ಸಂಗಾತಿ ಇರುವುದನ್ನು ತೋರಿಸಿದರು. ಅವರು ಗೆರೆಗಳ ಬದಲು ಬೇರೆಬೇರೆ ಬಣ್ಣಗಳಲ್ಲಿ ಪ್ರಕಾಶ ಅಳೆದು ಸಂಗಾತಿಯನ್ನು ಹಿಡಿದರು. ಆ ನಕ್ಷತ್ರದ ಎಳೆತನಕ್ಕೆ ಕಾರಣ, ಆಲ್ಗಾಲ್‌ನಲ್ಲಿ ನಡೆದಂಥದೇ ಕೊಡುಕೊಳ್ಳುವಿಕೆ.

ಹಾಗಾದರೆ ಅರುಂಧತಿ?

ಈಗ ಮತ್ತೆ ಸಪ್ತರ್ಷಿ ಮಂಡಲಕ್ಕೆ ಬರೋಣ. ವಸಿಷ್ಠವನ್ನು ದೂರದರ್ಶಕದಲ್ಲಿ ನೋಡಿದರೆ ಅರುಂಧತಿಯಲ್ಲದೆ ತೀರಾ ಹತ್ತಿರದಲ್ಲಿ ಇನ್ನೊಂದು ನಕ್ಷತ್ರ ಕಾಣುತ್ತದೆ. ಗೆಲಿಲಿಯೊ ಮತ್ತು ಅವರ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿ 1617ರಲ್ಲೇ ಅದನ್ನು ಕಂಡಿದ್ದರು. ಈ ಎರಡರಲ್ಲಿ ಪ್ರಕಾಶ ಹೆಚ್ಚಿರುವುದೇ ಪಿಕರಿಂಗ್ ಕಂಡ 20 ದಿನಗಳ ಜೋಡಿ. ಇನ್ನೊಂದರ ಗೆರೆಗಳೂ ಅಲುಗಾಡುತ್ತವೆ ಎಂಬುದು 1908ರಲ್ಲಿ ತಿಳಿಯಿತು. ಅದು ಸುಮಾರು 175 ದಿನಕ್ಕೊಮ್ಮೆ ಮಂಕು ಸಂಗಾತಿಯೊಂದರ ಜೊತೆ ಸುತ್ತುತ್ತದೆ.

ಅಲ್ಲಿಗೆ ವಸಿಷ್ಠದಲ್ಲಿ ನಾಲ್ಕು ನಕ್ಷತ್ರಗಳಾದವು. 2009ರಲ್ಲಿ ಅರುಂಧತಿಯ ಪಕ್ಕದಲ್ಲೂ ಒಂದು ಮಂಕಾದ ಕೆಂಪು ಕುಬ್ಜ ನಕ್ಷತ್ರ ಪತ್ತೆಯಾಯಿತು. ಅದನ್ನು ಅರುಂಧತಿಯ ಪ್ರಖರ ಬೆಳಕನ್ನು ಮರೆಮಾಡಿ ತೆಗೆದ ಚಿತ್ರದಲ್ಲಿ ಕಂಡರು. ಒಟ್ಟು ಆರು. ಬರಿಗಣ್ಣಿಗೆ ಎರಡಾಗಿ ಕಾಣುವುದು ಒಂದು ತುಂಬು ಕುಟುಂಬ!

ಹಿರಿಯರನ್ನು ಇದರಿಂದ ಕಡಿಮೆ ಮಾಡಿದಂತೆ ಆಗುವುದಿಲ್ಲ. ಅವರ ಜಾಣ್ಮೆಗೆ ಒಳ್ಳೆಯ ಸಾಕ್ಷಿ ಬೇಕಿದ್ದರೆ ಸಂಸ್ಕೃತದ ಅರುಂಧತೀ ನ್ಯಾಯವಿದೆ. ಮಂಕಾದ ಅರುಂಧತಿಯನ್ನು ತೋರಿಸಬೇಕಾದರೆ ಮೊದಲು ಪಕ್ಕದ ದೊಡ್ಡ ನಕ್ಷತ್ರ ತೋರಿಸಿ, ಅಲ್ಲಿಂದ ನೋಟವನ್ನು ಸೂಕ್ಷ್ಮದ ಕಡೆಗೆ ಒಯ್ಯಬೇಕು ಎಂಬುದು ಅದರ ಅರ್ಥ. ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದರ ಕಡೆಗೆ ಹೋಗುವ ದಾರಿ ಅದು. ರೋಹಿತ ಹಿಡಿದು ಕುಳಿತ ವಿಜ್ಞಾನಿಯೂ ಮಾಡುವುದು ಅದನ್ನೇ: ಪ್ರಕಾಶಮಾನ ನಕ್ಷತ್ರದ ಅಲುಗಾಟದಿಂದ ಕಾಣದ ಸಂಗಾತಿಯ ಕಡೆಗೆ.

ಫಾರ್ವರ್ಡ್ ಮಾಡುವ ಮುನ್ನ: ಚುಟುಕಾಗಿ

ನಿಜ: ಅರುಂಧತಿ–ವಸಿಷ್ಠ ಬರಿಗಣ್ಣಿಗೆ ಕಾಣುವ ಜೋಡಿ. ಅದನ್ನು ಗುರುತಿಸಿ ಹೆಸರಿಟ್ಟ ಸಂಪ್ರದಾಯ ನಮ್ಮಲ್ಲಿ ಹಳೆಯದು.

ತಪ್ಪು: ಬೇರೆ ಜೋಡಿಗಳಲ್ಲಿ ಒಂದು ನಕ್ಷತ್ರ ನಿಂತಿರುತ್ತದೆ ಎಂಬುದು. ಯಾವ ಜೋಡಿಯಲ್ಲೂ ಯಾವ ನಕ್ಷತ್ರವೂ ನಿಂತಿರುವುದಿಲ್ಲ, ಎರಡೂ ಸಾಮಾನ್ಯ ಕೇಂದ್ರವನ್ನು ಸುತ್ತುತ್ತವೆ.

ತಪ್ಪು: ಅರುಂಧತಿ–ವಸಿಷ್ಠ ಸುತ್ತುವುದನ್ನು ಪ್ರಾಚೀನರು ನೋಡಿದ್ದರು ಎಂಬುದು. ಸುತ್ತುತ್ತಿದ್ದರೂ ಒಂದು ಸುತ್ತಿಗೆ ಲಕ್ಷಗಟ್ಟಲೆ ವರ್ಷ ಬೇಕು.

ಸಂದೇಶದಲ್ಲಿ ಇಲ್ಲದ ಸತ್ಯ: ರೋಹಿತದ ಮೂಲಕ ಮೊದಲು ಪತ್ತೆಯಾದ ಜೋಡಿ ವಸಿಷ್ಠ. ಎರಡಾಗಿ ಕಾಣುವ ಅಲ್ಲಿ ಇರುವುದು ಆರು ನಕ್ಷತ್ರ.

ಮುಂದಿನ ಸಲ ಆ ಸಂದೇಶ ನಿಮ್ಮ ಕುಟುಂಬದ ಗುಂಪಿಗೆ ಬಂದಾಗ ಕಳುಹಿಸಿದ ಚಿಕ್ಕಪ್ಪನ ಮೇಲೆ ರೇಗಬೇಡಿ. ಈ ಲೇಖನ ಕಳಿಸಿ. ಮೇ ತಿಂಗಳ ಒಂದು ರಾತ್ರಿ ಮನೆಯವರನ್ನೆಲ್ಲ ತಾರಸಿಗೆ ಕರೆದೊಯ್ದು ಮೊದಲು ವಸಿಷ್ಠ ತೋರಿಸಿ, ಆಮೇಲೆ ಅರುಂಧತಿ. ಕಾಣದ ಉಳಿದ ನಾಲ್ಕರ ಕಥೆ ಹೇಳಲು ಈಗ ನಿಮಗೆ ಬರುತ್ತದೆ.